ವಜಾ ಪತ್ರಕ್ಕೆ ಸಹಿ ಹಾಕಿದ್ದು ಯಾರು? 174ನೇ ಕಲಂ ಕೈಹಿಡಿದ ಬಗೆ

ಜರ್ಮನಿಯಲ್ಲಿ ನೌಕರರ ಪರ ವಕಾಲತ್ತು ಹಾಕುವವರಿಗೆ ಬಿಜಿಬಿಯ (ಜರ್ಮನ್ ನಾಗರಿಕ ಸಂಹಿತೆಯ) 174ನೇ ಕಲಂ ಹೊಸದಲ್ಲ. ಕಂಪನಿಯ ಪರವಾಗಿ ಬೇರೊಬ್ಬರು ವಜಾ ಪತ್ರಕ್ಕೆ ಸಹಿ ಹಾಕಿ, ತಮ್ಮ ಅಧಿಕಾರ ಪತ್ರದ ಮೂಲ ಪ್ರತಿ ಲಗತ್ತಿಸದಿದ್ದರೆ, ಅದೇ ಕಾರಣ ಕೊಟ್ಟು ನೌಕರ ತಡಮಾಡದೆ ತಿರಸ್ಕರಿಸಬಹುದು; ಆಗ ಆ ವಜಾ ಬಿದ್ದುಹೋಗುತ್ತದೆ. "ಅದರಿಂದೇನು ಲಾಭ? ನಾಳೆ ಸರಿಯಾದ ಸಹಿ ಹಾಕಿಸಿ ಇನ್ನೊಂದು ಪತ್ರ ಕೊಡ್ತಾರೆ" ಎಂದು ಜೊತೆಯವರು ಮೂಗು ಮುರಿದಿದ್ದರು. ಕೊಡಲಿ. ದುಡ್ಡಿರುವುದೇ ಆ ಎರಡನೇ ಪತ್ರದ ತಾರೀಖಿನಲ್ಲಿ.

ಎಂಟು ವರ್ಷ ಸೇವೆ, ತಿಂಗಳಿಗೆ 5,000 ಯೂರೋ, ತಿಂಗಳ ಕೊನೆಗೆ ಮುಗಿಯುವ ಮೂರು ತಿಂಗಳ ನೋಟಿಸು ಅನ್ನಿ. ಸೆಪ್ಟೆಂಬರ್ 29ಕ್ಕೆ ಕೈಸೇರಿದ ಪತ್ರಕ್ಕೆ ಡಿಸೆಂಬರ್ 31 ಕೊನೆ. ಅದು ಬಿದ್ದು ಅಕ್ಟೋಬರ್ 6ಕ್ಕೆ ಎರಡನೆಯದು ಬಂದರೆ ಜನವರಿ 31. ಮೊದಲ ಹಂತದಲ್ಲಿ ಗೆದ್ದರೂ ನಮ್ಮ ಫೀಸು ಎದುರಿನವರಿಂದ ಸಿಗುವುದಿಲ್ಲವಲ್ಲ. ದಾವೆಯ ಮೌಲ್ಯ ಮೂರು ತಿಂಗಳ ಸಂಬಳ ಎಂದು ಹಿಡಿದರೆ, ರಾಜಿಯೂ ಸೇರಿ, ತೆರಿಗೆಯೊಂದಿಗೆ ಆ ಫೀಸು ಸುಮಾರು 3,000 ಯೂರೋ ಆಗುತ್ತದೆ. ಹೆಚ್ಚಿಗೆ ಸಿಕ್ಕ ಒಂದು ತಿಂಗಳ ಸಂಬಳ ಅದನ್ನು ತುಂಬಿಕೊಡುತ್ತದೆ.

ಇದಕ್ಕಿಂತ ದೊಡ್ಡ ಫಸಲು ಎರಡು ಕಡೆ. ಕೆಲಸಕ್ಕೆ ಸೇರಿದ ಆರನೇ ತಿಂಗಳ ಕೊನೇ ವಾರದ ವಜಾ: ಎರಡನೇ ಪತ್ರ ಬರುವಷ್ಟರಲ್ಲಿ ಆರು ತಿಂಗಳು ದಾಟಿರುತ್ತದೆ, ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಕಂಪನಿ ಕಾರಣ ತೋರಿಸಲೇಬೇಕು. ಇನ್ನೊಂದು, ನೋಟಿಸಿಲ್ಲದ ದಿಢೀರ್ ವಜಾ: ವಿಷಯ ಗೊತ್ತಾದ ಎರಡು ವಾರದೊಳಗೆ ಕೊಡಬೇಕು, ಕಂಪನಿಗಳು ಹನ್ನೆರಡನೇ ದಿನದವರೆಗೂ ಎಳೆಯುತ್ತವೆ. ತಿರಸ್ಕಾರ ತಲುಪುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಕೈಕೊಟ್ಟದ್ದೂ ಉಂಟು. ತಿರಸ್ಕಾರವನ್ನು ಇಮೇಲಿನಲ್ಲಿ ಕಳಿಸಿದಾಗ, ನಮ್ಮ ಮೂಲ ವಕಾಲತ್ತು ಜೊತೆಗಿಲ್ಲವೆಂದು ಎದುರಿನ ವಕೀಲರು ಅದೇ ಕಲಂ ಹಿಡಿದು ತಿರುಗಿಸಿ ಹೊಡೆದರು. ಎಂಟನೇ ದಿನ ಕಳಿಸಿದ್ದು ತಡವಾಯಿತು. ವಿಶೇಷ ಕಾರಣ ಇಲ್ಲದಿದ್ದರೆ ವಾರಕ್ಕಿಂತ ಮೇಲೆ ಎರ್ಫುರ್ಟಿನ ಕೋರ್ಟು (ಜರ್ಮನಿಯ ಸರ್ವೋಚ್ಚ ಕಾರ್ಮಿಕ ನ್ಯಾಯಾಲಯ) ಒಪ್ಪುವುದಿಲ್ಲ. ಸಹಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರದೋ, ವ್ಯಾಪಾರ ರಿಜಿಸ್ಟರಿನಲ್ಲಿ ದಾಖಲಾದ ಪ್ರೊಕುರಿಸ್ಟ್‌ನದೋ (ಕಂಪನಿಯ ಪರ ಸಹಿ ಹಾಕುವ ವ್ಯಾಪಕ ಅಧಿಕಾರ ಪಡೆದವನದೋ) ಆಗಿದ್ದರೆ ಈ ದಾರಿಯೇ ಇಲ್ಲ. ಹಾಗಾಗಿ ರಿಜಿಸ್ಟರ್ ಮೊದಲು ನೋಡಿ.

ಈಗ ಮಾಡುವುದು ಇಷ್ಟು: ಕಕ್ಷಿದಾರ ಬಂದ ದಿನವೇ ಶಾಯಿಯ ಸಹಿಯಿರುವ ವಕಾಲತ್ತು, ಅಧಿಕಾರ ಪತ್ರ ಲಗತ್ತಿಸಿಲ್ಲವೆಂಬ ಕಾರಣ ಸ್ಪಷ್ಟವಾಗಿರುವ ಒಂದೇ ಪುಟದ ಪತ್ರ, ಅದನ್ನು ಓದಿ ಲಕೋಟೆಗೆ ಹಾಕಿ ತಾನೇ ಕಂಪನಿಗೆ ತಲುಪಿಸಿ ಸಮಯ ಬರೆದುಕೊಳ್ಳುವ ಆಳು. ಅವನಿಗೆ 50 ಯೂರೋ ಆಸುಪಾಸು. ಅಂಚೆಯ ಐನ್‌ವುರ್ಫ್ (ಡಬ್ಬಿಗೆ ಹಾಕಿ ಹೋಗುವ ರಿಜಿಸ್ಟರ್ಡ್ ಪೋಸ್ಟ್) ಬೇಡ. ಎರ್ಫುರ್ಟಿನದೇ 2025ರ ಜನವರಿಯ ತೀರ್ಪಿನ ಪ್ರಕಾರ ಕಳಿಸಿದ ರಸೀದಿ, ಆನ್‌ಲೈನ್ ಸ್ಥಿತಿ ಎರಡೂ ಸೇರಿದರೂ ಪತ್ರ ತಲುಪಿದ್ದಕ್ಕೆ ಸಾಕ್ಷಿ ಸಾಲದು. ಆ ತೀರ್ಪು ಕಂಪನಿ ಸೋತದ್ದು, ಆದರೆ ಅಂಥ ರಸೀದಿ ನಂಬಿ ಕೂತರೆ ನಮಗೂ ಅದೇ ಗತಿ.

ತಿರಸ್ಕರಿಸಿದೆವೆಂದು ದಾವೆ ಮರೆಯಬೇಡಿ. ಮೂರು ವಾರದೊಳಗೆ ಹಾಕಬೇಕು, ಎರಡನೇ ಪತ್ರಕ್ಕೆ ಬೇರೆಯೇ.

ನೋಟಿಸಿನ ಅವಧಿಯಲ್ಲಿ ಕೆಲಸದಿಂದ ಬಿಡುಗಡೆ ಮಾಡಿ, ಹೊರಗಿನ ಕೆಲಸದ ಜಾಹೀರಾತುಗಳನ್ನು ಕಳಿಸಿ, ಅರ್ಜಿ ಹಾಕಲಿಲ್ಲವೆಂದು ಸಂಬಳ ಕತ್ತರಿಸುವ ಆಟಕ್ಕೂ ಅದೇ ಕೋರ್ಟಿನ 2025ರ ಫೆಬ್ರವರಿ ತೀರ್ಪು ಬಹುಮಟ್ಟಿಗೆ ತಡೆ ಹಾಕಿದೆ. ಅದನ್ನು ರಾಜಿ ವಿಚಾರಣೆಯಲ್ಲಿ ಯಾವ ಹೊತ್ತಿಗೆ ತೆಗೆಯಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎದುರಿನವರಿಗೂ ಕನ್ನಡ ಓದಲು ಬಂದೀತು.