ಪಕ್ಕದಿಂದ ಬಿದ್ದ ಬೆಳಕು

ನಮ್ಮ ಮ್ಯೂಸಿಯಂನ ವಸಂತ ಪ್ರದರ್ಶನ ನನ್ನ ಕೈಗೆ ಬಂದ ಮೊದಲ ವರ್ಷ 64 ಚಿತ್ರ ತೂಗುಹಾಕಿದ್ದೆವು. ಉದ್ಘಾಟನೆಗೆ ಶಾಮಿಯಾನ, ವೇದಿಕೆ, ಹಾರ, ಮೈಸೂರು ಪೇಟ, ಎಲ್ಲವೂ ಇತ್ತು. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದರು. ಟೇಪು ಕತ್ತರಿಸಿ, ಮೊದಲ ಕೋಣೆಯ ಮೂರು ಚಿತ್ರ ನೋಡಿ, ಕಾಫಿ ಕುಡಿದು ಹೊರಟರು. ಮಾರನೆಯ ದಿನ ಬಂದವರು ಒಟ್ಟು ಒಂಬತ್ತು ಜನ. ಅದರಲ್ಲಿ ಇಬ್ಬರು ಇಲ್ಲಿ ಟಾಯ್ಲೆಟ್ ಇದೆಯಾ ಎಂದು ಕೇಳಲು ಬಂದವರು.

ಮೈಸೂರಿನ ಹಳೇ ಬಂಗಲೆಯೊಂದರಲ್ಲಿರುವ ಸಣ್ಣ ಕಲಾ ಮ್ಯೂಸಿಯಂನಲ್ಲಿ ನಾನು ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತೇನೆ. ಪ್ರತಿ ವಸಂತದಲ್ಲೂ ಒಂದು ಪ್ರದರ್ಶನ ಮಾಡಬೇಕು, ಅದು ವಾಡಿಕೆ. ಯುಗಾದಿಯ ದಿನವೇ ಶುರು ಮಾಡುವುದೂ ವಾಡಿಕೆಯಾಗಿತ್ತು. ಯುಗಾದಿಗೆ ಮಾವು ಚಿಗುರುವುದೇನೋ ನಿಜ, ಆದರೆ ಮಕ್ಕಳಿರುವ ಮನೆಗಳಲ್ಲಿ ಅದು ಪರೀಕ್ಷೆಯ ಕಾಲ. ಮಗ ಎಸ್‌ಎಸ್‌ಎಲ್‌ಸಿ ಬರೆಯುತ್ತಿರುವಾಗ ಯಾವ ತಾಯಿ ಚಿತ್ರ ನೋಡಲು ಬರುತ್ತಾಳೆ? ಎರಡನೇ ವರ್ಷ ಆ ಶಾಸ್ತ್ರ ಬಿಟ್ಟೆವು. ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಸಿಕ್ಕ ಮೇಲೆ ಶುರು, ಮೇ 18ಕ್ಕೆ ಮುಕ್ತಾಯ. ಅವತ್ತು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ, 1977ರಿಂದ ಆಚರಣೆಯಲ್ಲಿದೆ. ಮಧ್ಯಾಹ್ನದ ಬಿಸಿಲಿಗೆ ಯಾರೂ ಬರುವುದಿಲ್ಲವಾದ್ದರಿಂದ ಹೊತ್ತನ್ನೂ ಬದಲಿಸಿದೆವು: ಬೆಳಿಗ್ಗೆ 11ರಿಂದ 1, ಸಂಜೆ 4ರಿಂದ 8. ಕಚೇರಿಯಿಂದ ಆಕ್ಷೇಪಣೆ ಬಂತು, ಓವರ್‌ಟೈಮ್ ಯಾರು ಕೊಡುತ್ತಾರೆ ಎಂದು. ಆ ಕಥೆ ಇಲ್ಲಿ ಬೇಡ.

ಮುಖ್ಯವಾದ ಬದಲಾವಣೆಯನ್ನು ಹೇಳಿಕೊಟ್ಟವರು ನಮ್ಮ ಗಾರ್ಡ್. ಮೊದಲ ವರ್ಷದ ಪ್ರದರ್ಶನ ಮುಗಿದು ಚಿತ್ರ ಇಳಿಸುತ್ತಿದ್ದಾಗ ಸುಮ್ಮನೆ ಮಾತಿಗೆ ಅಂದರು: “ಮೇಡಂ, ಆ ಮೂಲೆ ಸರಸ್ವತಿ ಇದ್ದಾಳಲ್ಲ, ಅಲ್ಲಿ ಮಾತ್ರ ಎಲ್ಲರೂ ತಲೆ ಓರೆ ಮಾಡ್ಕೊಂಡು ಬಗ್ಗಿ ನೋಡ್ತಾರೆ. ಬೇರೆ ಯಾವುದಕ್ಕೂ ಬಗ್ಗಲ್ಲ.”

ನಾನೂ ಹೋಗಿ ಬಗ್ಗಿದೆ. ಎದುರಿನಿಂದ ನೋಡಿದರೆ ಮೇಲಿನ ಟ್ಯೂಬ್‌ಲೈಟು ಗಾಜಿನಲ್ಲಿ ಬಿಳೀ ಪಟ್ಟಿಯಾಗಿ ಕೂತಿತ್ತು. ಓರೆಯಾಗಿ ನೋಡಿದಾಗ ಮಾತ್ರ ಡಾಬು, ಕಂಠೀಸರ, ವೀಣೆಯ ಬುರುಡೆಯ ಸುತ್ತಿನ ಬಳ್ಳಿ ಎಲ್ಲವೂ ಕಾಗದದಿಂದ ಎದ್ದು ನಿಂತವು. ಮೈಸೂರು ಶೈಲಿಯ ಜೀವ ಇರುವುದೇ ಅಲ್ಲಿ. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಮೇಲೆ ಕಲ್ಲು ಬೇರೆ ಕೂರಿಸಿರುತ್ತಾರೆ, ಹತ್ತು ಮಾರು ದೂರದಿಂದಲೂ ಕಾಣುತ್ತದೆ. ನಮ್ಮಲ್ಲಿ ಸಫೇದ ಎನ್ನುವ ಬಿಳೀ ಪುಡಿಗೆ ಅಂಟು, ಗ್ಯಾಂಬೋಜ್ ಎನ್ನುವ ಹಳದಿ ರಾಳ ಸೇರಿಸಿ ಕುಂಚದ ತುದಿಯಲ್ಲಿ ಎಳೆಯುವ ಗೀರು ನೂಲಿನಷ್ಟೇ ಎತ್ತರ. ಅದರ ಮೇಲೆ ಚಿನ್ನದ ರೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಸುಬು ಅರಳಿದಾಗ ಮೈಸೂರಿಗೆ ವಿದ್ಯುತ್ ಬಂದಿರಲಿಲ್ಲ. ಕಿಟಕಿಯ ಬೆಳಕು, ದೀಪದ ಬೆಳಕು, ಎರಡೂ ಪಕ್ಕದಿಂದಲೇ ಬೀಳುತ್ತಿದ್ದವು. ನಾವೋ ತಲೆಯ ಮೇಲಿಂದ ಸುರಿದು ಉಬ್ಬನ್ನೆಲ್ಲ ಚಪ್ಪಟೆ ಮಾಡಿದ್ದೆವು.

ಎರಡನೇ ವರ್ಷ 14 ಚಿತ್ರ ಮಾತ್ರ. ಉಳಿದವನ್ನು ಯಾಕೆ ಬಿಟ್ಟಿರಿ ಎಂದು ಸಮಿತಿಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಪ್ರತಿ ಚಿತ್ರಕ್ಕೂ ಎಡಗಡೆಯಿಂದ ಒಂದೇ ಒಂದು ಸಣ್ಣ ಎಲ್‌ಇಡಿ, ಅದೂ ಓರೆಯಾಗಿ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ; ಕಾಗದದ ಮೇಲಿನ ಬಣ್ಣಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎನ್ನುವುದು ಮ್ಯೂಸಿಯಂಗಳ ರೂಢಿ. ಮೊಬೈಲ್ ಆ್ಯಪ್ ಒಂದೊಂದು ಸಲ ಒಂದೊಂದು ಲೆಕ್ಕ ತೋರಿಸುತ್ತಿತ್ತು, ಹಾಗಾಗಿ ಪರಿಚಯದ ಫೋಟೊಗ್ರಾಫರ್ ಒಬ್ಬರಿಂದ ಲೈಟ್ ಮೀಟರ್ ಕೇಳಿ ತಂದೆ. ಕೆಲಸಗಾರರಿಗೆ ನಾನು ಹೇಳುತ್ತಿದ್ದ ಲೆಕ್ಕ ಹೀಗೆ: ಐದು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಆರು ಗಂಟೆ, ಒಟ್ಟು 180 ಗಂಟೆ. 50 ಲಕ್ಸ್‌ನಂತೆ 9,000 ಲಕ್ಸ್ ಗಂಟೆ. ಅದೇ ಚಿತ್ರಕ್ಕೆ 200 ಲಕ್ಸ್ ಹಾಕಿದರೆ ಅಷ್ಟೂ ಬೆಳಕು ಏಳೂವರೆ ದಿನಕ್ಕೇ ಮುಗಿಯುತ್ತದೆ. ಬಣ್ಣ ಮಾಸಿದ್ದು ಮತ್ತೆ ಬರುವುದಿಲ್ಲ. ಇಷ್ಟು ಹೇಳಿದ ಮೇಲೆ ‘ಕತ್ತಲಾಯ್ತು ಮೇಡಂ’ ಎನ್ನುವ ಮಾತು ನಿಂತಿತು.

ಚಿತ್ರದ ನಡುಭಾಗ ನೆಲದಿಂದ 57 ಇಂಚು ಎತ್ತರದಲ್ಲಿರಲಿ ಎನ್ನುತ್ತಾರೆ. ನಾವು 52ಕ್ಕೆ ಇಳಿಸಿದೆವು, ರಜೆಯಲ್ಲಿ ಬರುವವರು ಮಕ್ಕಳು ತಾನೇ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿಯ ಬಿರಡೆ ಕತ್ತರಿಸಿ ಅಂಟಿಸಿದ್ದು ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ ಎಂದು. ಅದು ಮುಂದೆ ನಮ್ಮನ್ನು ಉಳಿಸಿತು.

ಹಳೆಯ ವಿವರಣೆ ಫಲಕ ‘ಪ್ರಸ್ತುತ ಕಲಾಕೃತಿಯು ಮೈಸೂರು ಸಾಂಪ್ರದಾಯಿಕ ಶೈಲಿಯ ಉತ್ಕೃಷ್ಟ ನಿದರ್ಶನವಾಗಿದ್ದು’ ಎಂದು ಶುರುವಾಗಿ ಅರ್ಧ ಪುಟ ಓಡುತ್ತಿತ್ತು. ಬರೆದವಳು ನಾನೇ. ಅದನ್ನು ಕಿತ್ತು ಹೀಗೆ ಬರೆದೆ: ‘ಸರಸ್ವತಿಯ ಡಾಬು ನೋಡಿ. ಅದು ಬಣ್ಣವಲ್ಲ, ಕಾಗದದ ಮೇಲೆ ಎದ್ದ ಗೀರು. ಎಡಕ್ಕೆ ಎರಡು ಹೆಜ್ಜೆ ಇಟ್ಟು ಇನ್ನೊಮ್ಮೆ ನೋಡಿ.’ ಜನ ನಿಜವಾಗಿಯೂ ಎರಡು ಹೆಜ್ಜೆ ಇಡುತ್ತಿದ್ದರು. ಕೆಲವರು ಅಳೆದು ಇಡುತ್ತಿದ್ದರು.

ಮಕ್ಕಳ ಕಾರ್ಯಾಗಾರದಲ್ಲಿ ಮೊದಲ ದಿನ ಎಡವಟ್ಟಾಯಿತು. ಹಳೇ ಪದ್ಧತಿಯ ಸಫೇದದಲ್ಲಿ ಸೀಸ ಇರುತ್ತದೆ, ಮಕ್ಕಳ ಕೈಗೆ ಕೊಡುವ ಮಾತೇ ಇಲ್ಲ. ಸೀಮೆಸುಣ್ಣದ ಪುಡಿಗೆ ಫೆವಿಕಾಲ್ ಕಲಸಿದೆವು. ನೀರು ಜಾಸ್ತಿಯಾಗಿ ಗೀರೆಲ್ಲ ಹರಡಿ, ಮೂವತ್ತು ಗಣಪತಿಗಳಿಗೆ ಆನೆಕಾಲು ರೋಗ ಬಂದ ಹಾಗಾಯಿತು. ಮಾರನೆಯ ದಿನ ಎರಡು ಚಮಚ ಪುಡಿಗೆ ಒಂದು ಚಮಚ ಅಂಟು, ನೀರು ಹನಿಹನಿಯಾಗಿ. ಚಮಚ ಎತ್ತಿದರೆ ಉದ್ದಿನವಡೆ ಹಿಟ್ಟಿಗಿಂತ ತುಸು ಸಡಿಲವಾಗಿ ಜಾರಬೇಕು. ಕುಂಚದ ಬದಲು ಖಾಲಿ ಮೆಹಂದಿ ಕೋನಿಗೆ ತುಂಬಿ ಕೊಟ್ಟದ್ದೇ ತಡ, ಹುಡುಗಿಯರು ನಮಗೇ ಪಾಠ ಮಾಡತೊಡಗಿದರು. ಕೋನಿನ ತುದಿ ಎಷ್ಟು ಕತ್ತರಿಸಬೇಕು ಎನ್ನುವುದು ಅವರಿಗೆ ಗೊತ್ತು. ಏಪ್ರಿಲ್ ಬಿಸಿಲಿಗೆ ಎರಡು ಗಂಟೆಯಲ್ಲಿ ಒಣಗಿತು. ಅಂಗಡಿಯ ಚಿನ್ನದ ಬಣ್ಣ ಬಳಿದು, ಪಕ್ಕದಿಂದ ಟಾರ್ಚ್ ಹಿಡಿದು ತೋರಿಸಿಕೊಂಡರು.

ಒಂದು ಭಾನುವಾರ ಅವರನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಕರೆದುಕೊಂಡು ಹೋದೆವು. ಟಿಪ್ಪುವಿನ 1784ರ ತೇಗದ ಅರಮನೆ, ಗೋಡೆ ತುಂಬ 1780ರ ಪೊಳ್ಳಿಲೂರು ಯುದ್ಧ. ಗಾಯಗೊಂಡ ಬ್ರಿಟಿಷ್ ಕರ್ನಲ್ ಬೇಯ್ಲಿ ಪಲ್ಲಕ್ಕಿಯೊಳಗೆ ಕೂತಿರುವುದನ್ನು ಯಾರು ಮೊದಲು ಹುಡುಕುತ್ತಾರೋ ಅವರಿಗೆ ಎಳನೀರು ಎಂದೆ. ಐದು ನಿಮಿಷವಾದರೂ ಮೌನವಾಗಿ ಗೋಡೆ ನೋಡುತ್ತಾರಲ್ಲ ಎಂಬ ಆಸೆ ನನಗೆ. ಸಿಕ್ಕಿದ ಕೂಡಲೇ ಎಬ್ಬಿಸಿದ ಗದ್ದಲಕ್ಕೆ ಅಲ್ಲಿಯ ಕಾವಲುಗಾರರಿಂದ ಬೈಸಿಕೊಂಡದ್ದೂ ನಾನೇ.

ಮೇ ಮೊದಲ ವಾರ ಒಂದು ಸಂಜೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎನ್ನುವುದು ರೈತರಿಗೆ ಸರಿ. ನಮ್ಮ ಹೆಂಚಿನ ಮಾಡಿಗೆ ಭರಣಿ ಅಂದರೆ ಬಕೆಟ್ಟು. ಆರೂವರೆಗೆ ಗುಡುಗಿತು, ಕರೆಂಟು ಹೋಯಿತು. ಒಳಗೆ ಇಪ್ಪತ್ತು ಜನರಿದ್ದರು, ಹೊರಗೆ ಹೋಗುವ ಹಾಗಿಲ್ಲ. ಎಲ್ಲರೂ ಮೊಬೈಲ್ ತೆಗೆದು ಚಿತ್ರದ ಮೂತಿಗೇ ಬೆಳಕು ಹಿಡಿದರು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ! ನಾನು ಕೂಗಿಕೊಂಡೆ. ಗಾರ್ಡ್ ತಮ್ಮ ಟಾರ್ಚಿನ ಬಾಯಿಗೆ ಬಟರ್ ಪೇಪರ್ ಸುತ್ತಿ, ಗೋಡೆಯ ಪಕ್ಕ ತೋಳು ಚಾಚಿ ನಿಂತು, ಸರಸ್ವತಿಯ ಮೇಲೆ ನಿಧಾನಕ್ಕೆ ಬೆಳಕು ಆಡಿಸಿದರು. ಬೆಳಕು ಸರಿದ ಹಾಗೆ ಒಡವೆ ಒಂದೊಂದಾಗಿ ಹೊತ್ತಿಕೊಂಡು ಆರುತ್ತಿತ್ತು. ಆಸ್ಪತ್ರೆಗೆಂದು ಪಾಂಡವಪುರದ ಕಡೆಯಿಂದ ಬಂದು ಮಳೆಗೆ ಸಿಕ್ಕಿಹಾಕಿಕೊಂಡಿದ್ದ ಹೆಂಗಸೊಬ್ಬರು ಗಂಡನಿಗೆ ಅಂದರು: “ಇಲ್ನೋಡಿ, ಒಡ್ವೆ ಈಗ ಕಾಣ್ತದೆ. ಆಗ್ಲೆ ಬರೀ ಬಣ್ಣ ಅನ್ಕಂಡಿದ್ದೆ.”

ಚಿಕ್ಕಂದಿನಲ್ಲಿ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಕತ್ತಲೆಯಲ್ಲಿ ನೋಡಿ ದಂಗಾಗಿದ್ದು ನೆನಪಾಯಿತು. ಅದು ರವಿವರ್ಮನದು ಎಂದು ಇವತ್ತಿಗೂ ಊರಲ್ಲಿ ಅರ್ಧ ಜನ ಪಟ್ಟು ಹಿಡಿಯುತ್ತಾರೆ. ಬರೆದವರು ಹಲ್ದಣಕರ್, ಅದೂ ಜಲವರ್ಣದಲ್ಲಿ. ನಮ್ಮ ಸರಸ್ವತಿ ಅಂಥ ಚಮತ್ಕಾರವಲ್ಲ. ಆದರೂ ಆಮೇಲೆ ಪ್ರತಿ ಶನಿವಾರ ಏಳು ಗಂಟೆಗೆ ದೀಪ ಆರಿಸಿ, ಒಂದೇ ಚಿತ್ರ, ಒಂದೇ ಟಾರ್ಚ್, ಹತ್ತು ನಿಮಿಷ. ಭಾಷಣ ಇಲ್ಲ. ಟಾರ್ಚ್ ಹಿಡಿಯುವ ಕೆಲಸ ಗಾರ್ಡ್‌ದೇ. ಕೊನೆಯ ಶನಿವಾರ ಎರಡು ಸರದಿ ಮಾಡಬೇಕಾಯಿತು.

ಮೇ 19ಕ್ಕೆ ಇಳಿಸಿದೆವು. ಕರೆಂಟು ಹೋದ ಆ ಸಂಜೆಯ ಮಳೆಗೆ ಪಡುವಣ ಗೋಡೆಯ ಗಾರೆ ಊದಿಕೊಂಡಿತ್ತು. ಅಲ್ಲಿದ್ದ ಮೂರು ಫ್ರೇಮುಗಳ ಹಿಂದೆ ಬಿರಡೆ ಒದ್ದೆ, ಹಲಗೆ ಒಣಗಿತ್ತು. ಮಾಡು ರಿಪೇರಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಸುಣ್ಣ ಬಳಿದರೆ ಕಲೆ ಮುಚ್ಚಿಹೋಗುತ್ತದೆ, ಮುಂದಿನ ವರ್ಷ ನಾನೇ ಮರೆತು ಅಲ್ಲೇ ಮೊಳೆ ಹೊಡೆದೇನು. ಅದಕ್ಕೆ ಗಾರ್ಡ್ ಕೈಲಿ ನೆಲದಿಂದ ಅಳತೆ ಹಿಡಿಸಿ, ಒದ್ದೆ ಏರಿದ ಎತ್ತರವನ್ನು ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.