ಸಂತರ ಬದುಕಿನಿಂದ ವಾರಕ್ಕೊಂದು ಅಭ್ಯಾಸ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ

1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಕಾಲಿಗೆ ಫಿರಂಗಿ ಗುಂಡು ಬಡಿದು, ಮುಂದೆ ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸರು ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಓದಲು ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಶೂರನೆನಿಸಿಕೊಳ್ಳುವ ಕನಸು ಆ ಹೊತ್ತಿಗೆ ಹಿತವಾಗಿದ್ದರೂ ಆಮೇಲೆ ಮನಸ್ಸು ಬರಡಾಗುತ್ತಿತ್ತು. ಸಂತರಂತೆ ಬದುಕುವ ಯೋಚನೆ ಮುಗಿದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಸಂತರ ಚರಿತ್ರೆ ಓದುವಾಗ ನಾವು ಹುಡುಕಬೇಕಾದದ್ದೂ ಇದನ್ನೇ: ಓದಿ ಮುಗಿಸಿದ ಮೇಲೆ ಒಳಗೆ ಏನು ಉಳಿಯಿತು?

ದಿನಕ್ಕೊಬ್ಬ ಸಂತರನ್ನು ಓದಿದರೆ ವರ್ಷದ ಕೊನೆಗೆ ಹೆಸರುಗಳಷ್ಟೇ ಉಳಿಯುತ್ತವೆ. ವಾರಕ್ಕೊಬ್ಬರು ಸಾಕು. ಚರ್ಚಿನ ಕ್ಯಾಲೆಂಡರಿನಲ್ಲಿ ಆ ವಾರ ಯಾರ ಹಬ್ಬವಿದೆಯೋ ಅವರನ್ನೇ ಆರಿಸಿಕೊಳ್ಳಿ. ಭಾನುವಾರ ಮಾತ್ರ ಅಂದಿನ ಶುಭಸಂದೇಶವನ್ನೇ (ಯೇಸುವಿನ ಬದುಕನ್ನು ಹೇಳುವ ಬೈಬಲ್ ಭಾಗವನ್ನು) ಓದಿ. ಅದು ಪ್ರಭುವಿನ ದಿನ.

ಬೆಳಿಗ್ಗೆ ಐದು ನಿಮಿಷ ಸಾಕು. ಫೋನು ಮುಟ್ಟುವ ಮೊದಲು ಶಿಲುಬೆಯ ಗುರುತು ಹಾಕಿ, ಅರ್ಧ ಪುಟ ನಿಧಾನವಾಗಿ ಓದಿ. ಪವಾಡಗಳನ್ನು ಸದ್ಯಕ್ಕೆ ಬದಿಗಿಟ್ಟು, ನಿಮ್ಮ ಕೈಯಿಂದ ಆಗಬಹುದಾದ ಒಂದು ಕೆಲಸವನ್ನು ಹುಡುಕಿ. ಜನವರಿ 16ರಂದು ಸಂತ ಜೋಸೆಫ್ ವಾಜರ ಹಬ್ಬ. ಗೋವೆಯಲ್ಲಿ ಹುಟ್ಟಿ, 1681ರಿಂದ ನಮ್ಮ ಕೆನರಾದಲ್ಲಿ ಸೇವೆ ಮಾಡಿ, ಮುಂದೆ ಶ್ರೀಲಂಕಾಕ್ಕೆ ಹೋದವರು. ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂತೆಂಬ ಪ್ರಸಂಗ ಎಲ್ಲರಿಗೂ ಗೊತ್ತು. ಅಭ್ಯಾಸಕ್ಕೆ ಒದಗುವುದು ಇನ್ನೊಂದು: ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ಮನೆಯವರೇ ಬಿಟ್ಟುಹೋದ ರೋಗಿಗಳ ಆರೈಕೆಗೆ ಅವರು ನಿಂತದ್ದು. ಅದರಿಂದ ನಿಮ್ಮ ಸಂಕಲ್ಪ ಹೀಗಿರಲಿ: ‘ಸಂಜೆ ಆರಕ್ಕೆ ಹಾಸಿಗೆ ಹಿಡಿದ ದೊಡ್ಡಮ್ಮನ ಬಳಿ ಹತ್ತು ನಿಮಿಷ ಕೂರುತ್ತೇನೆ.’ ‘ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂದು ಬರೆದರೆ ಮಧ್ಯಾಹ್ನದೊಳಗೆ ಮರೆತುಹೋಗುತ್ತದೆ, ಏಕೆಂದರೆ ಅದಕ್ಕೆ ಹೊತ್ತೂ ಇಲ್ಲ, ಜಾಗವೂ ಇಲ್ಲ.

ಒಂದು ದೋಷವನ್ನು ತಿದ್ದಿಕೊಳ್ಳಬೇಕಿದ್ದರೆ ಇಗ್ನೇಷಿಯಸರೇ ಹೇಳಿಕೊಟ್ಟ ಗೆರೆಯ ಕ್ರಮವಿದೆ. ಚಿಕ್ಕ ಪುಸ್ತಕದಲ್ಲಿ ದಿನಕ್ಕೆ ಎರಡರಂತೆ ವಾರಕ್ಕೆ 14 ಗೆರೆ ಎಳೆಯಿರಿ. ತಪ್ಪಿದಾಗಲೆಲ್ಲ ಕೈಯನ್ನು ಎದೆಗೆ ತಂದು ಮನಸ್ಸಿನಲ್ಲೇ ದುಃಖಪಡಿ. ಎದುರಿಗಿರುವವರಿಗೆ ಅದು ತಿಳಿಯುವುದೂ ಇಲ್ಲ. ಮಧ್ಯಾಹ್ನ ಊಟದ ಬಳಿಕ ಮೊದಲ ಗೆರೆಯ ಮೇಲೆ, ರಾತ್ರಿ ಎರಡನೆಯದರ ಮೇಲೆ, ತಪ್ಪಿದಷ್ಟು ಸಲ ಚುಕ್ಕಿ ಇಡಿ. ಎರಡು ಗೆರೆ, ಎರಡು ದಿನ, ಎರಡು ವಾರ ಹೋಲಿಸಿ ನೋಡಿ. ದೋಷ ಒಂದೇ ಇರಲಿ. ಮೂರು ಹಿಡಿದರೆ ಯಾವುದೂ ಸಾಗದು.

ದಿನದ ನಡುವೆ ಕಿರಿಕಿರಿಯಾದಾಗ ಫ್ರಾನ್ಸಿನ ಲಿಸ್ಯೂ ಊರಿನ ಕನ್ಯಾಮಠದಲ್ಲಿದ್ದ ಸಂತ ತೆರೇಸರನ್ನು ನೆನೆಯಿರಿ. ಸಂಜೆಯ ಧ್ಯಾನದಲ್ಲಿ ಹಿಂದೆ ಕೂತ ಸಿಸ್ಟರೊಬ್ಬರು ವಿಚಿತ್ರ ಸದ್ದು ಮಾಡುತ್ತಿದ್ದರು. ತಿರುಗಿ ದಿಟ್ಟಿಸಿದರೆ ಸದ್ದು ನಿಲ್ಲುತ್ತಿತ್ತು. ತೆರೇಸರು ಹಾಗೆ ಮಾಡದೆ, ಬೆವರು ಇಳಿದರೂ, ಅದನ್ನೇ ಸಂಗೀತವೆಂಬಂತೆ ಗಮನವಿಟ್ಟು ಕೇಳಿ ಯೇಸುವಿಗೆ ಅರ್ಪಿಸಿದರು. ಬಸ್ಸಿನ ಹಾರನ್ನು, ಪಕ್ಕದ ಮನೆಯ ಟಿವಿ, ಯಾವುದಕ್ಕೂ ಇದು ಸಲ್ಲುತ್ತದೆ: ತಡೆಯಲು ಹೋಗಬೇಡಿ, ಕೇಳಿಸಿಕೊಳ್ಳಿ, ಅರ್ಪಿಸಿ.

ರಾತ್ರಿಯ ಆತ್ಮಶೋಧನೆಗೆ ಹತ್ತು ನಿಮಿಷ. ಮೊದಲು ಕೃತಜ್ಞತೆ, ಆಮೇಲೆ ಪವಿತ್ರಾತ್ಮರ ಬೆಳಕಿಗಾಗಿ ಬೇಡಿಕೆ, ಬೆಳಿಗ್ಗೆಯಿಂದ ಗಂಟೆ ಗಂಟೆಯಾಗಿ ದಿನವನ್ನು ನೋಡುವುದು, ಕ್ಷಮೆ ಕೇಳುವುದು, ನಾಳೆಯ ನಿರ್ಧಾರ. ಕೊನೆಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’. ಕೃತಜ್ಞತೆಯನ್ನು ಬಿಟ್ಟು ನೇರವಾಗಿ ತಪ್ಪಿನ ಪಟ್ಟಿಗೆ ಹೋದರೆ ಪ್ರಾರ್ಥನೆ ಲೆಕ್ಕಪತ್ರವಾಗುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡು ಮಾಡಿದರೆ ಮೂರನೆಯ ಹಂತಕ್ಕೇ ನಿದ್ದೆ; ಕುರ್ಚಿಯಲ್ಲಿ ಕೂತು ಮಾಡಿ.

ಎರಡನೆಯ ವಾರಕ್ಕೆ ಬೇಸರ ಬರಬಹುದು. ಮನಸ್ಸು ಒಣಗಿದ ಹೊತ್ತಿನಲ್ಲಿ ಮೊದಲಿನ ನಿರ್ಧಾರ ಬದಲಿಸಬಾರದು, ನಿಗದಿಯ ಹೊತ್ತಿಗಿಂತ ತುಸು ಹೆಚ್ಚೇ ಕೂರಬೇಕು ಎಂಬುದು ಇಗ್ನೇಷಿಯಸರ ಸಲಹೆ. ಹಾಗಾಗಿ ಹತ್ತರ ಬದಲು ಹನ್ನೊಂದು ನಿಮಿಷ ಕೂರಿ. ಚುಕ್ಕಿಗಳನ್ನು ಕಂಡು ನಿದ್ದೆಗೆಡುವಷ್ಟು ಅಳುಕು ಹುಟ್ಟಿದರೆ ಪುಸ್ತಕವನ್ನು ಮುಚ್ಚಿಟ್ಟು, ಪಾಪನಿವೇದನೆ ಕೇಳುವ ಗುರುಗಳೊಡನೆ ಮಾತಾಡಿ. ಸಂತರ ಕಠಿಣ ಉಪವಾಸಗಳನ್ನೂ ಅವರನ್ನು ಕೇಳದೆ ಅನುಕರಿಸಬೇಡಿ. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು ವೈದ್ಯರನ್ನೂ ಕೇಳಲೇಬೇಕು.