ಪಿಕಪ್ ಓಡಿಸುವ ಮೊದಲು ಆರ್‌ಸಿಯ ತೂಕದ ಸಾಲು ಓದಿ: ಕಲಬುರಗಿಯ ಚಾಲಕರಿಗೆ, ಮಾಲೀಕರಿಗೆ

ತೊಗರಿ ರಾಶಿಯಾಗಿ ಮಾಲು ನೆಹರೂ ಗಂಜ್ ಮಾರುಕಟ್ಟೆಗೆ ಬರತೊಡಗಿದರೆ ಕಲಬುರಗಿಯ ರಸ್ತೆಗಳಲ್ಲಿ ಪಿಕಪ್‌ಗಳದ್ದೇ ಓಡಾಟ. ಹೊಸದಾಗಿ ಗಾಡಿ ಕೊಂಡವರು ಕೇಳುವ ಪ್ರಶ್ನೆಗಳು ಮೂರು: ಯಾವ ಲೈಸೆನ್ಸ್ ಬೇಕು, ಪರ್ಮಿಟ್ ಬೇಕೇ, ಎಷ್ಟು ಚೀಲ ಹೇರಬಹುದು. ಈ ಮೂರಕ್ಕೂ ಉತ್ತರ ನಿಮ್ಮ ಆರ್‌ಸಿಯಲ್ಲೇ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲೇ ಇದೆ. ಅದರಲ್ಲಿ ಗಾಡಿಯ ಖಾಲಿ ತೂಕ ಮತ್ತು ಸರಕು ತುಂಬಿದಾಗ ಇರಬಹುದಾದ ಗರಿಷ್ಠ ಒಟ್ಟು ತೂಕ ಎಂಬ ಎರಡು ಅಂಕಿಗಳನ್ನು ಹುಡುಕಿ ಬರೆದಿಟ್ಟುಕೊಳ್ಳಿ.

ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿ ಕಾನೂನಿನ ಪ್ರಕಾರ ಲಘು ಮೋಟಾರು ವಾಹನ, ಅಂದರೆ ಎಲ್‌ಎಂವಿ. ಹಳದಿ ನಂಬರ್ ಪ್ಲೇಟಿನ ಇಂತಹ ಗಾಡಿಗೆ ಲೈಸೆನ್ಸಿನಲ್ಲಿ ಪ್ರತ್ಯೇಕ ಸಾರಿಗೆ ನಮೂದು ಬೇಕೇ ಎಂಬ ವಿವಾದ ವರ್ಷಗಟ್ಟಲೆ ನಡೆದು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಎಲ್‌ಎಂವಿ ಲೈಸೆನ್ಸೇ ಸಾಕು ಎಂದು ತೀರ್ಪಿತ್ತಿತು. ಎಲ್‌ಎಂವಿ ಲೈಸೆನ್ಸ್ 18 ವರ್ಷಕ್ಕೇ ಸಿಗುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯ 4ನೇ ಕಲಮು ಸಾರಿಗೆ ವಾಹನಕ್ಕೆ 20 ವರ್ಷ ಎನ್ನುವುದರಿಂದ, ಅಷ್ಟು ತುಂಬದ ಹುಡುಗನ ಕೈಗೆ ಪಿಕಪ್ಪಿನ ಕೀಲಿ ಕೊಡಬೇಡಿ. ಅರ್ಜಿಯನ್ನು ಸಾರಥಿ ಜಾಲತಾಣದಲ್ಲಿ ಹಾಕಿ, ಎಲ್‌ಎಲ್‌ಆರ್, ಅಂದರೆ ಕಲಿಕಾ ಲೈಸೆನ್ಸ್ ಪಡೆದು 30 ದಿನ ಕಳೆದ ಮೇಲೆ, ಅದರ ಆರು ತಿಂಗಳ ಅವಧಿ ಮುಗಿಯುವುದರೊಳಗೆ ಚಾಲನಾ ಪರೀಕ್ಷೆ ಕೊಡಬೇಕು.

ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಒಂದೇ ಹೆಸರಿನ ಪಿಕಪ್ಪಿನಲ್ಲೂ ಮಾದರಿ ಬದಲಾದರೆ ತೂಕ ಈ ಗೆರೆಯ ಆಚೀಚೆ ಆಗುತ್ತದೆ, ಹಾಗಾಗಿ ಶೋರೂಮಿನವರ ಮಾತಿಗಿಂತ ಆರ್‌ಸಿಯನ್ನು ನಂಬಿ. ಫಿಟ್‌ನೆಸ್ ಪ್ರಮಾಣಪತ್ರವನ್ನು ಗಾಡಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ವಿಮೆ, ಹೊಗೆ ತಪಾಸಣೆ ಪತ್ರ ಸೇರಿದಂತೆ ಎಲ್ಲ ದಾಖಲೆಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೂ ನಡೆಯುತ್ತದೆ.

ಇನ್ನು ಹೇರಿನ ಲೆಕ್ಕ. ಒಟ್ಟು ತೂಕ 2,990, ಖಾಲಿ ತೂಕ 1,700 ಕೆ.ಜಿ. ಎಂದಿಟ್ಟುಕೊಳ್ಳಿ. ಉಳಿಯುವುದು 1,290, ಅದರಲ್ಲಿ ಚಾಲಕ ಮತ್ತು ಹಮಾಲನ 150 ಕೆ.ಜಿ. ಕಳೆದರೆ 1,140, ಅಂದರೆ 50 ಕೆ.ಜಿ.ಯ ಬೇಳೆ ಚೀಲ 22 ಮಾತ್ರ. ದಾಲ್ ಮಿಲ್ಲಿನ ಅಂಗಳದಲ್ಲಿ ಮೂವತ್ತು, ಮೂವತ್ತೈದು ಚೀಲ ಹೇರಿಸಿಕೊಂಡ ಗಾಡಿಯ ಹಿಂಬದಿಯನ್ನು ಬಗ್ಗಿ ನೋಡಿ: ಕಮಾನು ಪಟ್ಟಿಗಳು ಚಪ್ಪಟೆಯಾಗಿರುತ್ತವೆ, ಮುಂದಿನ ಗಾಲಿಗಳ ಮೇಲೆ ಭಾರ ಕಡಿಮೆಯಾಗಿ ಸ್ಟೇರಿಂಗ್ ಹಗುರಾಗಿರುತ್ತದೆ, ಬ್ರೇಕ್ ಒತ್ತಿದರೂ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಮಿತಿಮೀರಿದ ಭಾರಕ್ಕೆ ಕಾಯ್ದೆ ಹೇಳುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಹೆಚ್ಚುವರಿ ಮಾಲನ್ನು ಇಳಿಸದೆ ಗಾಡಿ ಬಿಡುವಂತಿಲ್ಲ. ಕಬ್ಬಿಣದ ಸರಳು, ಪೈಪುಗಳು ಮಿತಿಮೀರಿ ಹೊರಚಾಚಿದ್ದರೂ ದಂಡ 20,000 ರೂಪಾಯಿ.

ನನಗೆ ಎಲ್ಲಕ್ಕಿಂತ ಸಂಕಟ ತರುವುದು ಬೆಳಗಿನ ಹೊತ್ತು ಜೇವರ್ಗಿ ರಸ್ತೆ, ಸೇಡಂ ರಸ್ತೆಗಳಲ್ಲಿ ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು ಬುತ್ತಿಗಂಟು ಹಿಡಿದು ಪಿಕಪ್ಪಿನ ತೊಟ್ಟಿಯಲ್ಲಿ ನಿಂತು ಹೋಗುವ ನೋಟ. ತೊಟ್ಟಿಯಲ್ಲಿ ಸೀಟೂ ಇಲ್ಲ, ಬೆಲ್ಟೂ ಇಲ್ಲ. ಒಂದು ತಗ್ಗು, ಒಂದು ತಿರುವು ಸಾಕು. ಸರಕು ಗಾಡಿಯಲ್ಲಿ ಪ್ರಯಾಣಿಕರಾಗಿ ಹತ್ತಿದವರಿಗೆ ವಿಮಾ ಕಂಪನಿ ಪರಿಹಾರದ ಹೊಣೆ ಹೊರಬೇಕಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ, ಆದ್ದರಿಂದ ಅಪಘಾತವಾದರೆ ಆ ಹೊಣೆ ಮಾಲೀಕನ ಹೊಲ, ಮನೆಯವರೆಗೂ ಬರುತ್ತದೆ. ಹೊಲದ ಮಾಲೀಕರು ಎಷ್ಟೇ ಒತ್ತಾಯಿಸಿದರೂ, ಬಾಡಿಗೆ ಎಷ್ಟೇ ಕೊಟ್ಟರೂ, ಆಳುಗಳಿಗೆ ಬೇರೆ ವಾಹನ ಗೊತ್ತು ಮಾಡಿ ಎಂದು ಚಾಲಕರು ನೇರವಾಗಿ ಹೇಳಬೇಕು.

ನಗರದೊಳಗೆ ಸೂಪರ್ ಮಾರ್ಕೆಟ್ ಭಾಗದ ಇಕ್ಕಟ್ಟಿನಲ್ಲಿ ಮಾಲು ಇಳಿಸಲು ಗಾಡಿಯನ್ನು ರಸ್ತೆಯ ನಡುವೆ ನಿಲ್ಲಿಸದೆ, ಪ್ರವೇಶ ನಿರ್ಬಂಧದ ಫಲಕಗಳನ್ನು ಓದಿಕೊಂಡು ಒಳಹೋಗಿ. ಊರು ದಾಟಿ ಹೋಗುವುದಷ್ಟೇ ಇದ್ದರೆ ರಿಂಗ್ ರಸ್ತೆ ಹಿಡಿಯಿರಿ. ಹೋಳಿಯ ಬಳಿಕ ಶರಣಬಸವೇಶ್ವರ ಜಾತ್ರೆ ಬಂದಾಗ ಗುಡಿಯ ಸುತ್ತಲಿನ ರಸ್ತೆಗಳನ್ನು ಬಿಟ್ಟು ಬೇರೆ ದಾರಿ ನೋಡಿಕೊಳ್ಳುವುದು ಲೇಸು. ಹಿಂದಕ್ಕೆ ತೆಗೆಯುವಾಗ ಹಮಾಲನನ್ನು ಕೆಳಗಿಳಿಸಿ, ಅವನು ಕನ್ನಡಿಯಲ್ಲಿ ಕಾಣುವಂತೆ ನಿಲ್ಲಿಸಿಕೊಳ್ಳಿ. ಎತ್ತರಕ್ಕೆ ಹೇರಿದ ಗಾಡಿಯ ಬೆನ್ನಿಗೆ ನಿಂತ ಮಗು ಯಾವ ಕನ್ನಡಿಗೂ ಕಾಣುವುದಿಲ್ಲ.

ಅಪಘಾತವಾದರೆ ಓಡಿಹೋಗಬೇಡಿ. ಗಾಯಗೊಂಡವರನ್ನು ಹತ್ತಿರದ ಆಸ್ಪತ್ರೆಗೆ ಸಾಗಿಸುವುದು ಚಾಲಕನ ಮೊದಲ ಕರ್ತವ್ಯ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ತಪ್ಪಿದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ಹೋಗಿ ನಡೆದದ್ದನ್ನು ತಿಳಿಸಿ, ವಿಮಾ ಕಂಪನಿಗೆ ಪಾಲಿಸಿ ಸಂಖ್ಯೆ, ಅಪಘಾತದ ದಿನ, ಸಮಯ, ಸ್ಥಳವನ್ನು ಬರವಣಿಗೆಯಲ್ಲಿ ಕೊಡಬೇಕು.